ಗಿನಿ ಪಿಗ್‌ಗೆ ಎನ್‌ಒಸಿ

ಮುಂಬೈ ಕಡೆ ಬಾಡಿಗೆ ಮನೆ ಹಿಡಿಯುವುದಕ್ಕೆ ಪೂರ್ವಜನ್ಮದ ಪುಣ್ಯ ಬೇಕು. ಬ್ರೋಕರ್‌ಗೆ ದಕ್ಷಿಣೆ, ಓನರ್‌ಗೆ ಡೆಪಾಸಿಟ್, 11 ತಿಂಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರು, ಪೊಲೀಸ್ ವೆರಿಫಿಕೇಶನ್, ಇಷ್ಟೆಲ್ಲ ಮುಗಿದ ಮೇಲೆ ಹೌಸಿಂಗ್ ಸೊಸೈಟಿ ಕಮಿಟಿಯ ಸಂದರ್ಶನ. ಮದುವೆ ಆಗಿದೆಯಾ? ರಾತ್ರಿ ಎಷ್ಟು ಗಂಟೆಗೆ ಬರ್ತೀರಿ? ಮನೆಗೆ ಯಾರ್‍ಯಾರು ಬರ್ತಾರೆ? ಮೀನು ಹುರೀತೀರಾ? ಮಂಗಳೂರು, ಉಡುಪಿ ಕಡೆಯವರು ಈ ಕೊನೇ ಪ್ರಶ್ನೆ ಬರುವಷ್ಟರಲ್ಲಿ ಮೊಬೈಲ್ ತೆಗೆದು ಬೇರೆ ಬ್ರೋಕರ್‌ನ ನಂಬರ್ ಹುಡುಕುತ್ತಿರುತ್ತಾರೆ.

ಅದೇ ಮನುಷ್ಯ ಸ್ಟೇಷನ್ ಪಕ್ಕದ ಪೆಟ್ ಶಾಪ್‌ಗೆ ಹೋಗಿ ಒಂದು ಜೀವವನ್ನೇ ಕೊಂಡುಕೊಳ್ಳಲಿ. ಅವನಿಗೆ ಅಲ್ಲಿ ಎದುರಾಗುವುದು ಒಂದೇ ಪ್ರಶ್ನೆ: "ಕ್ಯಾಶಾ, ಸ್ಕ್ಯಾನಾ?" ಅಂಗಡಿಗೆ ನೋಂದಣಿ ಇರಬೇಕೆಂದು 2018ರ ಪೆಟ್ ಶಾಪ್ ನಿಯಮ ಹೇಳುತ್ತದೆ. ಕೊಳ್ಳುವವನ ಯೋಗ್ಯತೆಯನ್ನು ನೋಂದಾಯಿಸುವ ಕಚೇರಿ ಇನ್ನೂ ತೆರೆದಿಲ್ಲ.

ನಮ್ಮ ಡೊಂಬಿವಲಿಯ ಬಿಲ್ಡಿಂಗ್‌ನಲ್ಲಿ ಪ್ರತಿ ಏಪ್ರಿಲ್‌ನಲ್ಲೂ, ಪರೀಕ್ಷೆ ಮುಗಿದ ಕೂಡಲೇ, ಸಾಕುಪ್ರಾಣಿಗಳ ಸುಗ್ಗಿ. ಮಿಕ್ಸರ್ ಕೊಳ್ಳುವಾಗ ನಾಲ್ಕು ಅಂಗಡಿ ಅಲೆದು, ವಾರಂಟಿ ಕಾರ್ಡನ್ನು ದೇವರ ಫೋಟೋದ ಹಿಂದೆ ಜೋಪಾನ ಮಾಡುವ ಅಪ್ಪಂದಿರು ಇಲಿಯಂಥ ಹ್ಯಾಮ್‌ಸ್ಟರ್ ವಿಷಯವನ್ನು ರಿಕ್ಷಾ ಸಿಗ್ನಲ್‌ನಲ್ಲಿ ನಿಂತಾಗಲೇ ತೀರ್ಮಾನಿಸಿಬಿಡುತ್ತಾರೆ. ಅವರ ತರ್ಕ ಗಟ್ಟಿಯಾಗಿಯೇ ಇದೆ: "ನಾಯಿ ಅಂದ್ರೆ ದೊಡ್ಡ ಜವಾಬ್ದಾರಿ ಮಾರಾಯ್ರೆ, ಇದು ಅಂಗೈಯಷ್ಟೇ ಅಲ್ವಾ?" ಜವಾಬ್ದಾರಿಯನ್ನೂ ಗ್ರಾಂ ಲೆಕ್ಕದಲ್ಲಿ ತೂಗುವ ವಿದ್ಯೆ ಇದು.

ಪಂಜರ ಸೇರುವುದು ವಾಷಿಂಗ್ ಮಷೀನ್ ಮೇಲೆ, ಒನ್ ಬಿಎಚ್‌ಕೆಯಲ್ಲಿ ಖಾಲಿ ಇರುವ ಜಾಗ ಅದೊಂದೇ. ಬೆಳಿಗ್ಗೆ ಮಷೀನ್ ಬಟ್ಟೆ ಹಿಂಡಲು ಶುರುಮಾಡಿದರೆ ಹ್ಯಾಮ್‌ಸ್ಟರ್‌ಗೆ ದಿನವೂ ಭೂಕಂಪ. ಹಗಲು ಮಲಗಿ ರಾತ್ರಿ ಏಳುವುದು ಅದರ ಹುಟ್ಟುಗುಣ. ಎಲ್ಲ ದೀಪ ಆರಿದ ಮೇಲೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಚಕ್ರ ಹತ್ತಿ 'ಕಿರ್ರ್, ಕಿರ್ರ್' ಎಂದು ಓಡತೊಡಗುತ್ತದೆ. ಚಕ್ರವೋ ತೀರಾ ಸಣ್ಣದು; ಬೆನ್ನು ಬಿಲ್ಲಿನಂತೆ ಬಾಗಿಸಿಕೊಂಡೇ ಓಡಬೇಕು. ಎರಡು ಮಾರು ಆಚೆ, ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿಯಬೇಕಾದ ಯಜಮಾನರು ಹಾಲ್‌ನ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಾರೆ. ಹಗಲು ಮಗ ಅದನ್ನು ಎಬ್ಬಿಸುತ್ತಾನೆ, ರಾತ್ರಿ ಅದು ಅಪ್ಪನನ್ನು ಎಬ್ಬಿಸುತ್ತದೆ.

"ಒಂಟಿ ಆದ್ರೆ ಬೇಜಾರಾಗುತ್ತೆ, ಜೋಡಿ ತಗೊಳ್ಳಿ" ಎಂದು ಅಂಗಡಿಯವನು ಕರುಣೆ ತೋರಿದ್ದರೆ ಕಥೆ ಇನ್ನೂ ಉದ್ದ. ಸಿರಿಯನ್ ಹ್ಯಾಮ್‌ಸ್ಟರ್ ಏಕಾಂತಪ್ರಿಯ. ಬೆಳೆದವನ್ನು ಜೊತೆಗಿಟ್ಟರೆ ರಕ್ತ ಬರುವಂತೆ ಕಚ್ಚಾಡುತ್ತವೆ. ಕಚ್ಚಾಡಲಿಲ್ಲವೋ, ಇನ್ನೂ ಕಷ್ಟ: 16-18 ದಿನಕ್ಕೆಲ್ಲ ಬಾಣಂತನ.

ಇಲಿಯ ಕುಲಕ್ಕೆ ಈ ಊರಿನಲ್ಲಿ ಸಿಗುವ ಮರ್ಯಾದೆಯೇ ವಿಚಿತ್ರ ಬಿಡಿ. ಸಿದ್ಧಿವಿನಾಯಕನ ಸನ್ನಿಧಿಯಲ್ಲಿ ಮೂಷಿಕನ ಕಿವಿಗೆ ಬಾಯಿಟ್ಟು ಹರಕೆ ಹೇಳಿಕೊಳ್ಳುತ್ತೇವೆ. ಅದೇ ರಾತ್ರಿ ಮುಂಬೈ ಮಹಾನಗರಪಾಲಿಕೆಯ ಆಳುಗಳು ಕೋಲು, ಟಾರ್ಚು ಹಿಡಿದು, ತಲಾ 30 ಇಲಿಯ ಗುರಿಯಿಟ್ಟುಕೊಂಡು ಗಲ್ಲಿ ಸುತ್ತುತ್ತಾರೆ. ಬೆಲೆಚೀಟಿ ಅಂಟಿಸಿಕೊಂಡು ಬಂದ ಹ್ಯಾಮ್‌ಸ್ಟರ್ ಮಾತ್ರ ಸೀದಾ ಲಿಫ್ಟ್ ಹತ್ತುತ್ತದೆ.

ಕೆಂಪು ಕಿವಿಯ ಆಮೆಯದ್ದು ಇನ್ನೊಂದು ಕಥೆ. ನಾಣ್ಯದಷ್ಟಿರುವಾಗ ಗಾಜಿನ ಬಟ್ಟಲಲ್ಲಿ ಬರುತ್ತದೆ, ಬೆಳೆದರೆ ಊಟದ ತಟ್ಟೆಯಷ್ಟಾಗುತ್ತದೆ. ಚೆನ್ನಾಗಿ ಸಾಕಿದರೆ 30 ವರ್ಷವೂ ಬದುಕೀತು. 20 ವರ್ಷದ ಗೃಹಸಾಲಕ್ಕೆ ಬ್ಯಾಂಕಿನವರು ಸ್ಯಾಲರಿ ಸ್ಲಿಪ್, ಐಟಿ ರಿಟರ್ನ್ಸ್ ಎಲ್ಲ ಕೇಳುತ್ತಾರೆ; ಸಾಲ ತೀರಿದ ಮೇಲೂ ಹತ್ತು ವರ್ಷ ಮನೆಯಲ್ಲಿರುವ ಆಮೆಗೆ ಆಧಾರ್ ಕಾರ್ಡಿನ ಝೆರಾಕ್ಸ್ ಕೂಡ ಬೇಡ. ವಾಸನೆ ಬರತೊಡಗಿದಾಗ ಒಂದು ಭಾನುವಾರ ಯಜಮಾನರಿಗೆ ಇದ್ದಕ್ಕಿದ್ದಂತೆ ಜೀವದಯೆ ಉಕ್ಕುತ್ತದೆ, ಆಮೆ ಹತ್ತಿರದ ಕೆರೆ ಸೇರುತ್ತದೆ. ಅಮೆರಿಕ ಮೂಲದ ಈ ಪ್ರಾಣಿ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ ಎಂದರೆ, "ಹೋಗ್ಲಿ ಬಿಡಿ, ಪುಣ್ಯ ಬಂತು" ಎಂಬ ಉತ್ತರ.

ಮೇ ತಿಂಗಳು ಬಂತೆಂದರೆ ಊರು. ಮತ್ಸ್ಯಗಂಧ ರೈಲಿನ ಟಿಕೆಟ್‌ಗೆ 60 ದಿನ ಮೊದಲೇ ಬೆಳ್ಳಂಬೆಳಿಗ್ಗೆ ಕಂಪ್ಯೂಟರ್ ಮುಂದೆ ತಪಸ್ಸು ಕೂರುವವರಿಗೆ, ಮನೆಯಲ್ಲಿರುವ ಮೊಲಕ್ಕೆ ಹುಲ್ಲು ಹಾಕುವವರು ಯಾರೆಂಬುದು ಹೊಳೆಯುವುದು ಬ್ಯಾಗಿನ ಜಿಪ್ ಎಳೆಯುವಾಗ. "ಅಕ್ಕಾ, ಎಂಟೇ ದಿನ. ಕ್ಯಾರೆಟ್ ಹಾಕಿದ್ರೆ ಸಾಕು." ಬರೀ ಕ್ಯಾರೆಟ್‌ನಲ್ಲಿ ಮೊಲ ಬದುಕುವುದಿಲ್ಲ. ಅದರ ಹಲ್ಲು ಬೆಳೆಯುತ್ತಲೇ ಇರುತ್ತದೆ, ಸವೆಯಲು ಒಣಹುಲ್ಲು ಬೇಕು. ಆದರೆ ಅಷ್ಟರಲ್ಲಿ ಬೀಗದ ಕೈ ಎದುರುಮನೆಯ ಅಕ್ಕನ ಕೈಗೆ ದಾಟಿರುತ್ತದೆ.

ಇದನ್ನೆಲ್ಲ ನೋಡಿ ಸೊಸೈಟಿಯ ಮೊನ್ನೆಯ ಜನರಲ್ ಬಾಡಿ ಸಭೆಯಲ್ಲಿ ನಾನೊಂದು ಸೂಚನೆ ಮಂಡಿಸಿದೆ. ಬಾಡಿಗೆದಾರರಿಗೆ ನಾವು ಕೇಳುವ ಪ್ರಶ್ನೆಗಳು ಚೆನ್ನಾಗಿಯೇ ಇವೆ, ಕೇಳುವ ಬಾಗಿಲಷ್ಟೇ ತಪ್ಪು. ರಾತ್ರಿ ಎಷ್ಟು ಗಂಟೆಗೆ ಬರ್ತೀರಿ, ಊರಿಗೆ ಹೋದರೆ ಯಾರಿರ್ತಾರೆ, ಎಷ್ಟು ವರ್ಷ ಇಟ್ಟುಕೊಳ್ತೀರಿ, ಡಾಕ್ಟರಿಗೆ ಎತ್ತಿಟ್ಟ ಡೆಪಾಸಿಟ್ ಎಷ್ಟು? ಪ್ರಾಣಿ ತರುವವರಿಗೂ ಇವನ್ನೇ ಕೇಳೋಣ.

ಸೆಕ್ರೆಟರಿ ಸಾಹೇಬರು ಕನ್ನಡಕ ಮೇಲೇರಿಸಿದರು. "ಪ್ರಾಣಿ ಬೇಡ ಅನ್ನೋ ಹಾಗಿಲ್ಲ ಸ್ವಾಮಿ. ಬಹುಮತ ಇದ್ರೂ ಸೊಸೈಟಿ ನಿಷೇಧ ಹಾಕೋ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿಯಾಗಿದೆ. ಆದ್ರೆ ಸಂದರ್ಶನ ಮಾಡಬಹುದು." ಸಂದರ್ಶನ ಎಂದ ಕೂಡಲೇ ಟೆರೇಸ್ ಲೀಕೇಜ್ ಚರ್ಚೆಯಲ್ಲಿ ತೂಕಡಿಸುತ್ತಿದ್ದ ಕಮಿಟಿ ಎದ್ದು ಕೂತಿತು.

ಮೊದಲ ಅರ್ಜಿದಾರರು ಎರಡನೇ ಮಹಡಿಯವರು, ಇಲಿಯ ಕುಲದ್ದೇ ಆದ ಗಿನಿ ಪಿಗ್ ಬೇಕಂತೆ. 5ರಿಂದ 8 ವರ್ಷ ಬದುಕುತ್ತದೆ, ಒಂಟಿಯಾಗಿಡಬಾರದು, ವಿಟಮಿನ್ ಸಿ ದಿನವೂ ಆಹಾರದಲ್ಲೇ ಸಿಗಬೇಕು, ನಮ್ಮ ಮೇ ಸೆಕೆ ಅದಕ್ಕೆ ಆಗಿಬರುವುದಿಲ್ಲ. ಹೀಗೆ ಕೇಳಬೇಕಾದ್ದು ರಾಶಿಯಿತ್ತು. ನಾನು ಚೀಟಿ ಬಿಡಿಸುವ ಮೊದಲೇ ಖಜಾಂಚಿ ಗಂಟಲು ಸರಿಮಾಡಿಕೊಂಡರು.

"ವೆಜ್ಜಾ, ನಾನ್‌ವೆಜ್ಜಾ?"

"ಪಕ್ಕಾ ವೆಜ್ ಸಾರ್."

"ಈರುಳ್ಳಿ, ಬೆಳ್ಳುಳ್ಳಿ?"

"ಮುಟ್ಟೋದೇ ಇಲ್ಲ ಸಾರ್. ತಿಂದ್ರೆ ಅದಕ್ಕೆ ವಿಷ."

ಸಭೆ ಗದ್ಗದವಾಯಿತು. ಇಂಥ ಸಜ್ಜನ ಈ ಬಿಲ್ಡಿಂಗ್‌ಗೆ ಇದುವರೆಗೆ ಕಾಲಿಟ್ಟಿರಲಿಲ್ಲ ಎಂದು ಚೇರ್ಮನ್ ಉದ್ಗರಿಸಿದರು. ಎನ್‌ಒಸಿ ಸರ್ವಾನುಮತದಿಂದ ಪಾಸಾಯಿತು. ಕೆಳಗಿನ ಮಹಡಿಯಲ್ಲಿ ತಿಂಗಳುಗಳಿಂದ ಖಾಲಿ ಬಿದ್ದಿರುವ ಫ್ಲಾಟನ್ನು ಡೆಪಾಸಿಟ್ ಇಲ್ಲದೆ ಅದರ ಹೆಸರಿಗೇ ಕೊಡಬಹುದೇ ಎಂಬುದು ಮುಂದಿನ ಸಭೆಯ ಅಜೆಂಡಾದಲ್ಲಿದೆ.