ಸತ್ಯಾಂಶ: ಸಿಗರೇಟು ಬಿಡಿಸುವ ಮಾತ್ರೆಯಿಂದ ತಲೆ ಕೆಡುತ್ತದೆಯೇ?

‘ವರೆನಿಕ್ಲಿನ್ ನುಂಗಿದರೆ ಹುಚ್ಚು ಹಿಡಿಯುತ್ತದೆ, ಅಮೆರಿಕವೇ ಎಚ್ಚರಿಸಿದೆ’ ಎನ್ನುವ ವಾಟ್ಸಾಪ್ ಸಂದೇಶ ಅರ್ಧ ಕಥೆ ಮಾತ್ರ ಹೇಳುತ್ತದೆ. ವರೆನಿಕ್ಲಿನ್ ಎಂದರೆ ಸಿಗರೇಟು ಬಿಡಲು ನೆರವಾಗುವ ಮಾತ್ರೆ. 2009ರಲ್ಲಿ ಅಲ್ಲಿನ ಔಷಧ ನಿಯಂತ್ರಕರು ಗಂಭೀರ ಮಾನಸಿಕ ತೊಂದರೆಯ ಬಗ್ಗೆ ಈ ಔಷಧದ ಮಾಹಿತಿ ಚೀಟಿಯಲ್ಲಿ ಕಟ್ಟೆಚ್ಚರಿಕೆ ಹಾಕಿಸಿದ್ದು ನಿಜ. ಆಮೇಲೆ 8,000ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆ ನಡೆಯಿತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾನಸಿಕ ಕಾಯಿಲೆಯ ಹಿನ್ನೆಲೆಯೂ ಇತ್ತು. ಔಷಧವಿಲ್ಲದ ಮಾತ್ರೆ ಕೊಟ್ಟವರಿಗೆ ಹೋಲಿಸಿದರೆ ಗಂಭೀರ ಮಾನಸಿಕ ತೊಂದರೆ ಗಮನಾರ್ಹವಾಗಿ ಹೆಚ್ಚೇನೂ ಕಾಣಲಿಲ್ಲ. 2016ರಲ್ಲಿ ಆ ಎಚ್ಚರಿಕೆಯನ್ನು ತೆಗೆದರು. ಈ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ!

ನಿಜಕ್ಕೂ ಕಾಡುವುದು ವಾಕರಿಕೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ, ಒಂದು ಗುಟುಕು ಕಾಫಿಯ ಜೊತೆ ನುಂಗಿದರೆ ಹೊಟ್ಟೆ ತೊಳೆಸೀತು. ತಿಂಡಿ ತಿಂದು, ಲೋಟ ತುಂಬ ನೀರು ಕುಡಿದು ತೆಗೆದುಕೊಂಡರೆ ಎಷ್ಟೋ ವಾಸಿ. ವಿಚಿತ್ರ ಕನಸು ಬೀಳುತ್ತಿದ್ದರೆ ದಿನದ ಎರಡನೇ ಮಾತ್ರೆಯನ್ನು ಮಲಗುವಾಗ ಬೇಡ, ಸಂಜೆಯೇ ಮುಗಿಸಬಹುದೇ ಎಂದು ವೈದ್ಯರನ್ನು ಕೇಳಿ. ಸಿಡುಕು, ಚಡಪಡಿಕೆ ಬಹುಪಾಲು ನಿಕೋಟಿನ್ ಕೈತಪ್ಪಿದ್ದರಿಂದ ಬರುವಂಥದ್ದು; ಬೈಗುಳ ಮಾತ್ರ ಮಾತ್ರೆಗೆ.

ಆದರೂ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಔಷಧವಲ್ಲ ಇದು. ಮೂತ್ರಪಿಂಡದ ತೊಂದರೆ, ಫಿಟ್ಸ್ ಅಥವಾ ಖಿನ್ನತೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಮನಸ್ಸು ತೀರಾ ಕುಗ್ಗಿದರೆ, ಸಾಯುವ ಯೋಚನೆ ಬಂದರೆ ಮಾತ್ರೆ ನಿಲ್ಲಿಸಿ, ತಕ್ಷಣ ವೈದ್ಯರನ್ನು ಕಾಣಿ. ತಂಬಾಕು ಬಿಡಲು ನೆರವು ಬೇಕಿದ್ದರೆ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ.