ಎಡಗಡೆ ಖಾಲಿ, ಬಲಗಡೆ ನೊರೆ

ಹತ್ತನೇ ಕ್ಲಾಸಿನ ಮಕ್ಕಳು ರಾಸಾಯನಿಕ ಸಮೀಕರಣ ಸರಿದೂಗಿಸುವಾಗ ಒಂದು ಆಮ್ಲಜನಕ ಹೆಚ್ಚುಕಮ್ಮಿಯಾದರೂ ಮೇಷ್ಟ್ರು ಅಂಕಕ್ಕೆ ಕತ್ತರಿ ಹಾಕುತ್ತಾರೆ. ಎಡಗಡೆಯ ಪ್ರತಿವರ್ತಕದಲ್ಲಿ, ಅಂದರೆ ಕ್ರಿಯೆಗೆ ಹಾಕಿದ ವಸ್ತುವಿನಲ್ಲಿ, ಇದ್ದದ್ದೆಲ್ಲ ಬಲಗಡೆಯ ಉತ್ಪನ್ನದಲ್ಲೂ ಇರಬೇಕು, ಅಷ್ಟೇ ಪಾಠ. ಬೆಂಗಳೂರಿನ ಬೆಳ್ಳಂದೂರು ಕೆರೆಯ ಉಸ್ತುವಾರಿ ಹೊತ್ತವರು ಆ ದಿನ ರಜೆ ಹಾಕಿದ್ದರೋ ಏನೋ.

ಅಲ್ಲಿ ಉತ್ಪನ್ನಕ್ಕೆ ಬರವಿರಲಿಲ್ಲ. ಯಮಲೂರು ಕೋಡಿಯಲ್ಲಿ ನೊರೆ ರಾಶಿ ರಾಶಿ. ಗಾಳಿ ಬೀಸಿದರೆ ಬೈಕಿನವನ ಹೆಲ್ಮೆಟ್ಟಿನ ಮೇಲೇ ಬಂದು ಕೂರುತ್ತಿತ್ತು. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ ಕೆರೆ ಮತ್ತೆ ಉರಿಯಿತು. 2018ರ ಜನವರಿಯಲ್ಲಿ ಆರಿಸಲು ಸುಮಾರು 5,000 ಸೈನಿಕರು ಇಳಿಯಬೇಕಾಯಿತು. ಬೆಂಕಿ ಬಿದ್ದರೆ ಕೆರೆಗೆ ಓಡುವುದು ಲೋಕರೂಢಿ. ಕೆರೆಗೇ ಬೆಂಕಿ ಬಿದ್ದು ಸೇನೆ ಕರೆಸಿದ ಕೀರ್ತಿ ನಮ್ಮದು.

ಹಾಗಾದರೆ ಪ್ರತಿವರ್ತಕ ಯಾವುದು? ಇಲ್ಲಿ ಕಾಪಿ ಹೊಡೆಯಲೂ ಯಾರೂ ಸಿಗುವುದಿಲ್ಲ. ಕೆರೆ ನಮ್ಮದು, ಕೊಳಚೆ ನಮ್ಮದಲ್ಲ ಎನ್ನುವ ಒಂದು ಕಚೇರಿ. ಕೊಳಚೆ ನಮ್ಮದು, ನೊರೆ ನಮ್ಮದಲ್ಲ ಎನ್ನುವ ಇನ್ನೊಂದು. ನೋಟಿಸ್ ಕೊಡುವುದಷ್ಟೇ ನಮ್ಮದು ಎನ್ನುವ ಮೂರನೆಯದು. ಬೆಂಕಿಯೋ? ಯಾರೋ ಕಿಡಿಗೇಡಿಗಳು ಒಣಹುಲ್ಲಿಗೆ ಕಡ್ಡಿ ಗೀರಿರಬೇಕು, ಬಿಡಿ.

ಉತ್ತರವೇನೂ ಬ್ರಹ್ಮವಿದ್ಯೆಯಲ್ಲ. ನಮ್ಮ ನಿಮ್ಮ ವಾಷಿಂಗ್ ಮೆಷಿನ್ನಿನ ಸೋಪಿನ ಪುಡಿ ಸಂಸ್ಕರಣೆ ಕಾಣದೆ ಕೆರೆ ಸೇರಿ ಹೂಳಿಗೆ ಅಂಟಿಕೊಳ್ಳುತ್ತದೆ. ಜೋರು ಮಳೆ ಬಂದು ಹೂಳು ಕದಡಿದರೆ ಮೇಲೆದ್ದು ಕೋಡಿಯಲ್ಲಿ ಕಡೆದು ನೊರೆಯಾಗುತ್ತದೆ. ಗಾಳಿಯಾಡದ ಅದೇ ಹೂಳಿನಲ್ಲಿ ಮೀಥೇನ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಒಂದು ಮೀಥೇನ್, ಎರಡು ಆಮ್ಲಜನಕ ಸೇರಿದರೆ ಒಂದು ಇಂಗಾಲದ ಡೈಆಕ್ಸೈಡ್, ಎರಡು ನೀರು. ಮಕ್ಕಳಿಗೆ ಬಾಯಿಪಾಠ.

ದೊಡ್ಡವರ ಪರಿಹಾರ ಬೇರೆ: ನೊರೆ ಹಾರದಂತೆ ರಸ್ತೆಯ ಪಕ್ಕ ಎತ್ತರಕ್ಕೆ ಬಲೆ ಕಟ್ಟಿದರು. ಎಡಗಡೆಯನ್ನು ಮುಟ್ಟದೆ ಬಲಗಡೆಗೆ ಪರದೆ ಎಳೆಯುವ ಈ ವಿಧಾನ ಯಾವ ಗೈಡಿನಲ್ಲೂ ಇಲ್ಲ. (ಎಡಬಲ ಸಮ ಇರಬೇಕೆಂಬ ಈ ರಾಶಿ ಸಂರಕ್ಷಣಾ ನಿಯಮಕ್ಕೆ ಹೆಸರಾದ ಫ್ರೆಂಚ್ ವಿಜ್ಞಾನಿ ಲವಾಸಿಯೇ ಕೂಡ ತೆರಿಗೆ ವಸೂಲಿಯ ಪಾಲುದಾರನೇ. ಆ ಕೆಲಸಕ್ಕಾಗಿ 1794ರಲ್ಲಿ, ಫ್ರೆಂಚ್ ಕ್ರಾಂತಿಯ ಹೊತ್ತಲ್ಲಿ, ಅವನ ತಲೆ ಹೋಯಿತು. ನಮ್ಮಲ್ಲಿ ಹೆಚ್ಚೆಂದರೆ ವರ್ಗಾವಣೆ.)

2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿ, 500 ಕೋಟಿ ತೆಗೆದಿಡಿ ಎಂದಿತು. ಕೊನೆಗೂ ಸಮೀಕರಣಕ್ಕೆ ಗುಣಾಂಕಗಳು ಸಿಕ್ಕವು, ಅದೂ ನಮ್ಮದೇ ತೆರಿಗೆಯಿಂದ.

ಅದೇ ವರ್ಷ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೋಲಾರದ ಕೆರೆಗಳಿಗೆ ಹೊರಟಿತ್ತು. ಜುಲೈ ಹೊತ್ತಿಗೆ ಅಲ್ಲೂ ನೊರೆ! ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ನೀರು ಮತ್ತೆ ಹರಿಯಿತು. ಕೋಲಾರದವರು ಬೇಡಿದ್ದು ಬರೀ ನೀರು. ಬೆಂಗಳೂರು ಉದಾರಿ: ನೊರೆಯನ್ನೂ ಜತೆಗೆ ಕಳಿಸಿ, ಪ್ರತಿವರ್ತಕದ ಹೆಸರನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿತು.