ಒಂದೇ ಮನೆಯ ಅಣ್ಣ-ತಂಗಿ, ಎರಡು ರಿಜಿಸ್ಟರ್

ನಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ವಾರ್ಡನ್‌ಗಳು. ನಾನು ಹುಡುಗರ ಹಾಸ್ಟೆಲ್‌ನಲ್ಲಿ, ಇವಳು ಅದೇ ತಾಲ್ಲೂಕಿನ ಹುಡುಗಿಯರ ಹಾಸ್ಟೆಲ್‌ನಲ್ಲಿ. ಎರಡೂ ಕಡೆ ಇರುವುದು ಐದರಿಂದ ಹತ್ತನೇ ಕ್ಲಾಸಿನವರೆಗಿನ ಮಕ್ಕಳು. ಎಷ್ಟೋ ಸಲ ಅಣ್ಣ ನನ್ನ ಹತ್ತಿರ ಇರುತ್ತಾನೆ, ತಂಗಿ ಇವಳ ಹತ್ತಿರ.

ಮೊನ್ನೆ ಒಂದು ತರಬೇತಿಗೆ ಹೋಗಿದ್ದೆವು. ಅಲ್ಲಿ ಒಬ್ಬರು ಮೈಕ್ ಹಿಡಿದು, "ಈ ಡಿಪ್ರೆಶನ್ನು, ಆತಂಕ ಎಲ್ಲ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಜಾಸ್ತಿ. ಗಂಡುಮಕ್ಕಳ ಹಾಸ್ಟೆಲ್‌ನಲ್ಲಿ ಇರೋದು ಶಿಸ್ತಿನ ಸಮಸ್ಯೆ" ಅಂದರು. ಸುಮಾರು ಜನ ತಲೆಯಾಡಿಸಿದರು. ಇವಳು ನನ್ನ ಮುಖ ನೋಡಿದಳು. ಈ ಬರಹ ಅದಕ್ಕೇ.

ನಮ್ಮ ಎರಡು ಹಾಸ್ಟೆಲ್‌ಗಳಲ್ಲಿ ಬೇಗ ತುಂಬುವ ರಿಜಿಸ್ಟರ್‌ಗಳು ಬೇರೆ ಬೇರೆ. ನನ್ನ ಕಡೆ ಮುರಿದ ಸಾಮಾನಿನದು: ನಲ್ಲಿ, ಟ್ಯೂಬ್‌ಲೈಟು, ಬಾತ್‌ರೂಮಿನ ಚಿಲಕ, ಕಿಟಕಿ ಗಾಜು. ಇವಳ ಕಡೆ ಕಾಯಿಲೆಯದು: ತಲೆನೋವು, ಹೊಟ್ಟೆನೋವು, ತಲೆಸುತ್ತು, ಎದೆ ಹಿಡಿದುಕೊಂಡಂತೆ, ಉಸಿರು ಕಟ್ಟಿದಂತೆ. ಒಂದು ದಿನ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ತಾರೀಕು ನೋಡಿದೆವು. ದಸರಾ ರಜೆಗೆ ಮುಂಚಿನ ವಾರ ಎರಡೂ ಕಡೆ ಸಾಲುಗಳು ಜಾಸ್ತಿ. ಬೇಸಿಗೆ ರಜೆಗೆ ಮುಂಚೆಯೂ ಹಾಗೇ. ಮನೆಗೆ ಹೋಗುವ ಖುಷಿ ಇರಬೇಕಾದ ವಾರ ಅದು, ಅಲ್ವಾ? ಬಹಳ ಮಕ್ಕಳಿಗೆ ಖುಷಿಯೇ. ಕೆಲವರಿಗೆ ಮಾತ್ರ ಅಲ್ಲ. ಆ ಕೆಲವರ ಹೆಸರು ಎರಡೂ ರಿಜಿಸ್ಟರ್‌ಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಒಂದು ಅಣ್ಣ-ತಂಗಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಅಪ್ಪ ಕುಡಿಯುತ್ತಾನೆ. ಕುಡಿದ ಮೇಲೆ ಅಮ್ಮನನ್ನು ಹೊಡೆಯುತ್ತಾನೆ, ಅಡ್ಡ ಬಂದರೆ ಮಕ್ಕಳನ್ನೂ. ವರ್ಷದಲ್ಲಿ ಅರ್ಧ ಗಂಡ ಹೆಂಡತಿ ಗುಳೆ ಹೋಗುತ್ತಾರೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಹಾಸ್ಟೆಲ್ ಸೇರುವವರೆಗೆ ಮಕ್ಕಳು ಬೆಳೆದದ್ದು ಅಜ್ಜಿ ಹತ್ತಿರ.

ಹುಡುಗ ಹತ್ತನೇ ಕ್ಲಾಸು. ಯಾರಾದರೂ ಹಿಂದಿನಿಂದ ಹೆಗಲ ಮೇಲೆ ಕೈ ಹಾಕಿದರೆ ತಿರುಗಿ ಗುದ್ದಿಬಿಡುತ್ತಾನೆ. ಆಮೇಲೆ ಗೋಡೆ ನೋಡಿಕೊಂಡು ನಿಲ್ಲುತ್ತಾನೆ. ಗುಟ್ಕಾ ಸಿಕ್ಕಿಬಿದ್ದಿದೆ. ನನ್ನ ಬೈಕಿನ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ "ಇವತ್ತು ಸರ್ ಸಿಟ್ಟಲ್ಲಿದಾರೆ" ಅಂತ ಉಳಿದವರಿಗೆ ಹೇಳುತ್ತಾನಂತೆ. ಹೇಳಿದ್ದು ಸರಿಯಾಗಿಯೇ ಇರುತ್ತದೆ, ಬೇಕಾದರೆ ಅಡುಗೆಯವರನ್ನು ಕೇಳಿ. ತಂಗಿ ಎಂಟನೇ ಕ್ಲಾಸು. ಬರವಣಿಗೆ ಮುತ್ತಿನಂತೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಾಸಿಗೆ ಮಡಚಿಡುತ್ತಾಳೆ, ಕೇಳದಿದ್ದರೂ ಕಸ ಗುಡಿಸುತ್ತಾಳೆ, "ಸಾರಿ ಮೇಡಂ" ಅನ್ನುವುದು ಬಾಯಿಪಾಠ. ರಾತ್ರಿ ಹತ್ತರ ಮೇಲೆ ಉಸಿರು ಸಿಗುವುದಿಲ್ಲ, ಕೈ ತಣ್ಣಗಾಗುತ್ತದೆ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ನಾರ್ಮಲ್. ಗ್ಯಾಸ್ ಮಾತ್ರೆ ಕೊಟ್ಟು ಕಳಿಸಿದರು. ಅಜ್ಜಿ ಬಂದು ತಾಯತ ಕಟ್ಟಿ ಹೋದರು.

ಇಬ್ಬರೂ ತಿಂದದ್ದು ಒಂದೇ ಹೊಡೆತ. ಅದು ಹೊರಗೆ ಬಂದ ದಾರಿ ಬೇರೆ. ತರಬೇತಿಯಲ್ಲಿ ಮೈಕ್ ಹಿಡಿದವರ ಲೆಕ್ಕದಲ್ಲಿ ತಂಗಿಗೆ ಆತಂಕ, ಅಣ್ಣನಿಗೆ ಶಿಸ್ತು ಇಲ್ಲ.

ಇದರ ಬಗ್ಗೆ ಮೊದಲು ದೊಡ್ಡದಾಗಿ ಲೆಕ್ಕ ಹಾಕಿದ್ದು ಅಮೆರಿಕದಲ್ಲಿ. ಸ್ಯಾನ್ ಡಿಯಾಗೊದಲ್ಲಿ ವಿನ್ಸೆಂಟ್ ಫೆಲಿಟ್ಟಿ ಎಂಬ ಡಾಕ್ಟರು ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಮಧ್ಯದಲ್ಲಿ ಬಿಟ್ಟು ಹೋಗುತ್ತಿದ್ದರು. ಯಾಕೆ ಅಂತ ಕೂತು ಕೇಳಿದಾಗ ಬಾಲ್ಯದ ಕಥೆಗಳು ಹೊರಬಿದ್ದವು. ಆಮೇಲೆ ಅವರು ಮತ್ತು ರಾಬರ್ಟ್ ಆಂಡಾ ಎಂಬ ಇನ್ನೊಬ್ಬ ಡಾಕ್ಟರು ಸೇರಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ಜನರನ್ನು ಕೇಳಿದರು: ಚಿಕ್ಕವರಿದ್ದಾಗ ಹೊಡೆತ ತಿಂದಿದ್ದೀರಾ, ಮನೆಯಲ್ಲಿ ಕುಡುಕರಿದ್ದರಾ, ಅಮ್ಮನಿಗೆ ಹೊಡೆಯುವುದನ್ನು ನೋಡಿದ್ದೀರಾ, ಮನೆಯವರು ಯಾರಾದರೂ ಜೈಲಿಗೆ ಹೋಗಿದ್ದರಾ. ಮೊದಲ ವರದಿ ಬಂದದ್ದು 1998ರಲ್ಲಿ. ಇಂಥ 4 ಅಥವಾ ಅದಕ್ಕಿಂತ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ, ಒಂದೂ ಇಲ್ಲದವರಿಗೆ ಹೋಲಿಸಿದರೆ, ಕುಡಿತ, ಡ್ರಗ್ಸ್, ಖಿನ್ನತೆ, ಆತ್ಮಹತ್ಯೆ ಪ್ರಯತ್ನದ ಅಪಾಯ 4ರಿಂದ 12 ಪಟ್ಟು ಇತ್ತು.

ಆ ಪಟ್ಟಿ ಹುಟ್ಟಿದ್ದು ವಿಮೆ ಇರುವ, ಓದಿರುವ ಜನರ ನಡುವೆ. ಅದರಲ್ಲಿ ಗುಳೆ ಇಲ್ಲ. ಜಾತಿ ಹಿಡಿದು ಕರೆಸಿಕೊಂಡ ಅವಮಾನ ಇಲ್ಲ. ಸಾಲದವನು ಬಾಗಿಲಿಗೆ ಬಂದು ಕೂಗಾಡಿದ್ದು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಮೇಲೆ ಬೇರೆ ದೇಶಗಳಿಗೆ ಅಂತ ಮಾಡಿದ ಪ್ರಶ್ನಾವಳಿಯಲ್ಲಿ ಸಹಪಾಠಿಗಳ ಕಾಟ, ಬೀದಿ ಹೊಡೆದಾಟ, ಗಲಭೆ-ಯುದ್ಧ ಎಲ್ಲ ಸೇರಿವೆ. ನಮ್ಮ ಮಕ್ಕಳ ಪಟ್ಟಿ ಬರೆಯಲು ಕೂತರೆ ಅದಕ್ಕಿಂತಲೂ ಉದ್ದ ಆಗುತ್ತದೆ.

ಈಗ ಹುಡುಗ-ಹುಡುಗಿಯ ಪ್ರಶ್ನೆ. ಹುಡುಗಿಯರಲ್ಲಿ ಖಿನ್ನತೆ ಜಾಸ್ತಿ ಅನ್ನುವುದು ಸುಳ್ಳಲ್ಲ. ಚಿಕ್ಕ ವಯಸ್ಸಿನಲ್ಲಿ ಇಬ್ಬರಲ್ಲೂ ಹೆಚ್ಚುಕಮ್ಮಿ ಒಂದೇ ಇರುತ್ತದೆ. 13ರ ಸುಮಾರಿಗೆ ಹುಡುಗಿಯರದ್ದು ಏರಲು ಶುರುವಾಗಿ, ಹದಿಹರೆಯ ಮುಗಿಯುವ ಹೊತ್ತಿಗೆ ಹುಡುಗರ ಸುಮಾರು 2 ಪಟ್ಟು ಆಗುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳು ಇದನ್ನೇ ಹೇಳುತ್ತವೆ. ಹಾರ್ಮೋನ್ ಒಂದು ಕಾರಣ. ಅದೊಂದೇ ಅಲ್ಲ. ಆ ವಯಸ್ಸಿಗೇ ಬಸ್ಸಿನಲ್ಲಿ ಕೈ ಹಾಕುವವರು ಶುರುವಾಗುತ್ತಾರೆ. ಆ ವಯಸ್ಸಿಗೇ ಆಟ ನಿಲ್ಲುತ್ತದೆ, ಓಡಾಟ ನಿಲ್ಲುತ್ತದೆ, "ಜೋರಾಗಿ ನಗಬೇಡ" ಶುರುವಾಗುತ್ತದೆ. ಹಳೆಯ ನೋವು ಒಳಗಿರುವ ಹುಡುಗಿಗೆ ಅದರ ಮೇಲೆ ಇದೂ ಬಂದು ಕೂರುತ್ತದೆ. ಹೊರಗೆ ಹೋಗಿ ಓಡಿ ಕುಣಿದು ಮರೆಯುವ ದಾರಿಯೂ ಬಂದ್. ಒಳಗೇ ತಿರುವಿ ತಿರುವಿ ಯೋಚಿಸುವುದೊಂದೇ ಉಳಿಯುವುದು.

ಆದರೆ ಹುಡುಗರ ಲೆಕ್ಕ ಕಮ್ಮಿ ಕಾಣುವುದರಲ್ಲಿ ನಾವು ಕೇಳುವ ರೀತಿಯ ಪಾಲೂ ಇದೆ ಅಂತ ನನ್ನ ಅನಿಸಿಕೆ. "ಅಳು ಬರುತ್ತಾ? ಬೇಜಾರಾಗುತ್ತಾ?" ಅಂತ ಹತ್ತನೇ ಕ್ಲಾಸಿನ ಹುಡುಗನನ್ನು ಕೇಳಿ ನೋಡಿ. "ಏನಿಲ್ಲ ಸರ್" ಬಿಟ್ಟರೆ ಬೇರೆ ಉತ್ತರ ಬರುವುದಿಲ್ಲ. ಮನೋವೈದ್ಯರ ಪುಸ್ತಕದಲ್ಲೇ ಇದಕ್ಕೆ ಜಾಗ ಇದೆ. ದೊಡ್ಡವರಲ್ಲಿ ಖಿನ್ನತೆ ಎನ್ನಲು ದುಃಖ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದನ್ನು ಮುಖ್ಯವಾಗಿ ನೋಡುತ್ತಾರೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ದುಃಖದ ಬದಲು ಸಿಡುಕು ಇದ್ದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಸಿಡುಕು! ನಮ್ಮ ಕಡೆ ಅದಕ್ಕೆ ಇಟ್ಟಿರುವ ಹೆಸರು ಕೊಬ್ಬು.

ಹೊಡೆತ ತಿಂದು ಬೆಳೆದ ಮಕ್ಕಳು ಎದುರಿನವರ ಮುಖದಲ್ಲಿ ಕೋಪವನ್ನು ಬೇರೆ ಮಕ್ಕಳಿಗಿಂತ ಬೇಗ ಗುರುತಿಸುತ್ತಾರೆ ಎಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸೆತ್ ಪೊಲ್ಲಾಕ್ ಎಂಬ ಮನಶ್ಶಾಸ್ತ್ರಜ್ಞರ ತಂಡ ತೋರಿಸಿದೆ. ನನ್ನ ಬೈಕ್ ಸ್ಟ್ಯಾಂಡಿನ ಸದ್ದು ಅಳೆಯುವ ಹುಡುಗ ಮಾಡುತ್ತಿರುವುದೂ ಅಂಥದ್ದೇ ಕೆಲಸ. ಅವನ ಮನೆಯಲ್ಲಿ ಆ ವಿದ್ಯೆ ಬೇಕಿತ್ತು. ಅಪ್ಪನ ಚಪ್ಪಲಿ ಸದ್ದು ಕೇಳಿ ತಂಗಿಯನ್ನು ಅಟ್ಟಕ್ಕೆ ಹತ್ತಿಸಬೇಕಿತ್ತು. ಹಾಸ್ಟೆಲ್‌ಗೆ ಬಂದ ಮೇಲೂ ಮೈ ಅದನ್ನು ಬಿಡುವುದಿಲ್ಲ.

ನಮ್ಮ ದೇಶದ ಎರಡು ಲೆಕ್ಕ ನೋಡಿ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ತಂದಿತು. ಯಾವುದಾದರೂ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಹೇಳಿದ ಮಕ್ಕಳಲ್ಲಿ 52.94% ಗಂಡುಮಕ್ಕಳು. ಇನ್ನೊಮ್ಮೆ ಓದಿ, ಗಂಡುಮಕ್ಕಳು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿದ್ದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ. ಅದರ ಪ್ರಕಾರ 13ರಿಂದ 17ರ ವಯಸ್ಸಿನವರಲ್ಲಿ 7.3% ಜನರಿಗೆ ಯಾವುದಾದರೂ ಒಂದು ಮಾನಸಿಕ ತೊಂದರೆ ಇತ್ತು. ಹುಡುಗ-ಹುಡುಗಿಯರಲ್ಲಿ ಹೆಚ್ಚುಕಮ್ಮಿ ಸಮ. ತೊಂದರೆಯ ಹೆಸರು ಬೇರೆ ಇರಬಹುದು, ಒಟ್ಟು ಭಾರ ಒಂದೇ.

ನನಗೆ ನಿಜಕ್ಕೂ ಸಿಟ್ಟು ಬರುವುದು ಆಮೇಲೆ ನಾವು ದೊಡ್ಡವರು ಮಾಡುವ ಕೆಲಸಕ್ಕೆ.

ಆ ಹುಡುಗ ನಲ್ಲಿ ಮುರಿದ ದಿನ ಅವನ ಅಮ್ಮನನ್ನು ಕರೆಸಿದ್ದೆ. ಬಂದವರು ಬಾಗಿಲಲ್ಲೇ ನಿಂತು, "ಸರ್, ಅವರಪ್ಪನ್ ಹಂಗೇ ಆಗ್ತಾವ್ನೆ ಇವ್ನೂ. ಕಣ್ಣೊಂದು ಬಿಟ್ಟು ಎಲ್ಲಿಗಾದ್ರೂ ಬಾರ್ಸಿ ಸರ್, ನಾನೇನೂ ಕೇಳಕಿಲ್ಲ" ಅಂದರು. ಅವರ ಮೊಣಕೈ ಹತ್ತಿರ ಹೊಸ ಗಾಯ ಇತ್ತು. ಸೆರಗು ಎಳೆದುಕೊಂಡರು. ಹುಡುಗ ಅದನ್ನು ನೋಡಿದ, ಆಮೇಲೆ ನೆಲ ನೋಡಿದ.

"ಅಮ್ಮ, ಇಲ್ಲಿ ಹೊಡೆಯೋ ಹಾಗಿಲ್ಲ. ಕೂತ್ಕೊಳ್ಳಿ, ಟೀ ಕುಡೀರಿ" ಅಂದೆ. ಆ ತಾಯಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಹೊಡೆತ ಬಿಟ್ಟು ಬೇರೆ ಔಷಧ ಇದೆ ಅಂತ ಅವರಿಗೆ ಯಾರು ಹೇಳಿದ್ದಾರೆ?

ಗಂಡುಮಗುವಾದರೆ ಮೊದಲು ಏಟು, ಆಮೇಲೆ ಟಿಸಿ, ಆಮೇಲೆ ಗ್ಯಾರೇಜು. ಹೆಣ್ಣುಮಗುವಾದರೆ ಮೊದಲು ತಾಯತ, ಆಮೇಲೆ "ಓದಿದ್ದು ಸಾಕು", ಆಮೇಲೆ "ಮದುವೆ ಮಾಡಿದ್ರೆ ಎಲ್ಲ ಸರಿ ಹೋಗುತ್ತೆ". ಮನೆಯಲ್ಲಿ ಆದ ಗಾಯದ ಮೇಲೆ ನಾವು ಹಾಕುವ ಎರಡನೇ ಗಾಯ ಇದು. ಹಿಂದೆ ಆದದ್ದನ್ನು ಅಳಿಸಲು ನನ್ನ ಕೈಲಾಗದು. ಈ ಎರಡನೆಯದನ್ನು ತಡೆಯುವುದು ಮಾತ್ರ ವಾರ್ಡನ್, ಮೇಷ್ಟ್ರು, ಎಸ್‌ಡಿಎಂಸಿಯವರ ಕೈಯಲ್ಲೇ ಇದೆ. ಇದಕ್ಕೆ ದೊಡ್ಡ ಯೋಜನೆ, ಗ್ರಾಂಟು ಏನೂ ಬೇಕಾಗಿಲ್ಲ. ಟಿಸಿ ಬರೆಯುವ ಮುಂಚೆ ಆ ಮಗು ರಜೆಯಲ್ಲಿ ಎಲ್ಲಿತ್ತು, ಯಾರ ಜೊತೆ ಇತ್ತು ಅಂತ ಕೇಳಿದರೂ ಸಾಕು.

ಹಾಗಂತ ಆ ಅಮೆರಿಕದ ಪಟ್ಟಿ ಜೆರಾಕ್ಸ್ ಮಾಡಿ ಮಕ್ಕಳಿಗೆ ಹಂಚಿ ಅಂಕ ಹಾಕಬೇಡಿ. ಒಂದು ಕಡೆ ಹಾಗೆ ಮಾಡಲು ಹೊರಟಿದ್ದರು. ಆ ಅಂಕ ಸಮುದಾಯದ ಲೆಕ್ಕಕ್ಕೆ ಸರಿ, ಒಬ್ಬೊಬ್ಬರ ಹಣೆಬರಹ ಹೇಳಲು ಬಳಸಬೇಡಿ ಎಂದು ರಾಬರ್ಟ್ ಆಂಡಾ ಅವರೇ 2020ರಲ್ಲಿ ಬರೆದಿದ್ದಾರೆ. ಅಷ್ಟೆಲ್ಲ ಕಂಡೂ ಗಟ್ಟಿಯಾಗಿ ನಿಂತ ಮಕ್ಕಳು ಬೇಕಾದಷ್ಟಿದ್ದಾರೆ. ಅಂಥವರ ಹಿಂದೆ ನಂಬಿಕಸ್ತ ದೊಡ್ಡವರು ಒಬ್ಬರಾದರೂ ಇರುತ್ತಾರೆ. ಅಜ್ಜಿ, ಸೋದರಮಾವ, ಪಿಟಿ ಮೇಷ್ಟ್ರು, ಒಮ್ಮೊಮ್ಮೆ ಹಾಸ್ಟೆಲ್ ಅಡುಗೆಯಮ್ಮ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. 2012ರ ಪೋಕ್ಸೊ ಕಾಯ್ದೆಗೆ ಹುಡುಗ, ಹುಡುಗಿ ಎಂಬ ಭೇದ ಇಲ್ಲ. ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು, "ಮನೆ ಮರ್ಯಾದೆ" ಅಂತ ಸುಮ್ಮನಿದ್ದರೆ ನಮ್ಮ ಮೇಲೇ ಕೇಸು. ಮಕ್ಕಳ ಸಹಾಯವಾಣಿ 1098. ಮನಸ್ಸಿಗೆ ಸಂಬಂಧಪಟ್ಟದ್ದಕ್ಕೆ ಟೆಲಿ-ಮಾನಸ್, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಯಾವುದಾದರೂ ಮಗು ಸಾಯುವ ಮಾತಾಡಿದರೆ "ನಾಟಕ" ಅನ್ನಬೇಡಿ, ಒಂಟಿಯಾಗಿ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅಣ್ಣ-ತಂಗಿ ಇಬ್ಬರನ್ನೂ ಒಟ್ಟಿಗೇ ಕರೆದುಕೊಂಡು ಹೋಗುತ್ತಿದ್ದೇವೆ. ತಂಗಿಗೆ ರಾತ್ರಿಯ ಉಸಿರಾಟದ ತೊಂದರೆ ಕಮ್ಮಿಯಾಗಿದೆ. ಅಣ್ಣ ಡಾಕ್ಟರ ಮುಂದೆ ಇನ್ನೂ "ಏನಿಲ್ಲ ಸರ್" ಅನ್ನುತ್ತಲೇ ಇದ್ದಾನೆ, ಆದರೆ ಮಂಗಳವಾರ ಬೆಳಿಗ್ಗೆ ತಾನೇ ರೆಡಿಯಾಗಿ ಗೇಟ್ ಹತ್ತಿರ ನಿಂತಿರುತ್ತಾನೆ. ಆಟೋ ದುಡ್ಡು ಸದ್ಯಕ್ಕೆ ನಮ್ಮ ಜೇಬಿನಿಂದ. ಬೇರೆ ತಾಲ್ಲೂಕಿನ ವಾರ್ಡನ್‌ಗಳು ಇದನ್ನು ಓದುತ್ತಿದ್ದರೆ, ಈ ಓಡಾಟದ ಖರ್ಚನ್ನು ನೀವು ಯಾವ ಲೆಕ್ಕದಲ್ಲಿ ಬರೆಯುತ್ತೀರಿ ಅಂತ ದಯವಿಟ್ಟು ಕೆಳಗೆ ತಿಳಿಸಿ.